ಕೊನೆಯ ಕೀರ್ತನೆಗೆ ಒಂದು ಕಡಿಮೆ

"ಇಪ್ಪತ್ತೆರಡು ಅಂತ ಇದೆಯಲ್ಲಮ್ಮ! ದೇವರೇ ನನ್ನ ಕುರುಬ ಅನ್ನೋ ಕೀರ್ತನೆ ಬೈಬಲಿನಲ್ಲಿ ಇಪ್ಪತ್ತಮೂರಲ್ವಾ? ಅಷ್ಟು ನನ್ನಂಥವನಿಗೂ ಗೊತ್ತು."

ಗ್ರಂಥಾಲಯದ ಕೀಲಿಯಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು. ಆ ಕಟ್ಟಡದ ಪ್ರತಿಯೊಂದು ಬೀರುವಿನ ಕೀಲಿಯೂ ಅವರ ಸೊಂಟದಲ್ಲಿತ್ತು. ಅವರು ನಡೆದು ಬಂದರೆ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು.

"ಮೆಲ್ಲಗೆ ಮಾತಾಡಿ. ಇದು ನಿಮ್ಮ ಠಾಣೆ ಅಲ್ಲ," ಎಂದರು. "ಹಿರಿಯ ಫಾದರ್ ಅವರದು ಗ್ರೀಕ್ ಬೈಬಲಿನ ಲೆಕ್ಕ. ಅದರಲ್ಲಿ ಒಂದು ಕಡಿಮೆ ಬರುತ್ತೆ. ನಿಮ್ಮಕ್ಕನದು ಹೀಬ್ರೂ ಲೆಕ್ಕ. ಇದೇ ಮೇಜಿನ ಮೇಲೆ ಗುರು ಶಿಷ್ಯೆ ಇಬ್ಬರೂ ಎಷ್ಟು ಸಲ ತಮಾಷೆಗೆ ಕಿತ್ತಾಡಿದ್ದಾರೆ ಗೊತ್ತಾ? 'ನಿನ್ನ ಕುರುಬ ನನ್ನ ಕುರುಬನಿಗಿಂತ ಒಂದು ಹೆಜ್ಜೆ ಹಿಂದೆ ಕಣಮ್ಮ' ಅಂತಿದ್ದರು ಫಾದರ್."

ಊರೆಲ್ಲ ಮೀಸೆ ಎಂದು ಕರೆಯುವ ಆ ಮನುಷ್ಯ ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟ. ಸಿಕ್ಕಿತು ಎಂದುಕೊಂಡದ್ದು ಕೈಯಿಂದ ಜಾರಿತ್ತು.

ಅವನ ಮುಂದೆ ಹರಡಿದ್ದವು ಅಕ್ಕನ ಹೆಸರಿಗೆ ಮಸಿ ಬಳಿದ ಆ ಟೈಪು ಹಾಳೆಗಳು. ತೀರಿಕೊಂಡ ಹಿರಿಯ ಫಾದರ್ ಅವರ ಪೆಟ್ಟಿಗೆಯಲ್ಲಿ ಸಿಕ್ಕಿದ್ದ ಅವು, ಅಕ್ಕನ ಜೀವಮಾನದ ಕೀರ್ತನೆಗಳ ವ್ಯಾಖ್ಯಾನವೆಲ್ಲ ಫಾದರ್ ಎಂದೋ ಬರೆದಿಟ್ಟಿದ್ದನ್ನು ಕದ್ದದ್ದು ಎಂದು ಸಾರುತ್ತಿದ್ದವು. ಇವತ್ತು ಸಂಜೆ ನಾಲ್ಕಕ್ಕೆ ಕಾಲೇಜಿನ ಸಮಿತಿ ಕೂಡುತ್ತದೆ. ಅಚ್ಚಿಗೆ ಹೊರಟಿರುವ ಪುಸ್ತಕದ ಮುಖಪುಟದಿಂದ ಅಕ್ಕನ ಹೆಸರನ್ನು ಕಿತ್ತುಹಾಕುತ್ತದೆ.

ಮೀಸೆ ಎಂದರೆ ನಿವೃತ್ತ ಇನ್ಸ್‌ಪೆಕ್ಟರ್. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿತ್ತು, ಹೆಸರನ್ನು ಮಾತ್ರ ಬೋಳಿಸಿಕೊಳ್ಳಲು ಆಗಿರಲಿಲ್ಲ. ಕಳ್ಳರ ಲೋಕ ಅವನಿಗೆ ಅಂಗೈಯಷ್ಟು ಪರಿಚಯ. ವಿದ್ವಾಂಸರ ಲೋಕಕ್ಕೆ ಅವನು ಬಂದದ್ದೇ ಮೊನ್ನೆ. ಬಂದ ದಿನದಿಂದ ಅವನಿಗೆ ಒಂದೇ ಅನುಮಾನ: ಎರಡೂ ಲೋಕಕ್ಕೆ ಅಂಥ ವ್ಯತ್ಯಾಸವೇನೂ ಇಲ್ಲ, ಇಲ್ಲಿಯವರು ಕಾಲಿಗೆ ಪಾಲಿಶ್ ಮಾಡಿದ ಬೂಟು ಹಾಕುತ್ತಾರೆ, ಅಷ್ಟೇ.

"ಅಕ್ಕ ಈ ಹಾಳೆಗಳನ್ನ ನೋಡಿದ್ದಾಳಾ?"

"ನಾನೇ ತೆಗೆದು ಕೊಟ್ಟೆ. ನೀವು ಕೂತಿದ್ದೀರಲ್ಲ, ಅದೇ ಕುರ್ಚಿಯಲ್ಲಿ ಕೂತು ಓದಿದರು. ಎಲ್ಲವನ್ನೂ ಜೋಡಿಸಿ, ಅಂಚು ಸರಿ ಮಾಡಿ ನನ್ನ ಕೈಗಿಟ್ಟರು. 'ನಾನು ಹೇಳೋದೇನೂ ಇಲ್ಲ' ಅಂದು ಎದ್ದು ಹೋದರು."

"ಅಷ್ಟೇನಾ?"

"ಅಷ್ಟೇ."

ಅಹಂಕಾರ ಎಂದುಕೊಂಡ ಮೀಸೆ. ಅಂದುಕೊಂಡ ಕೂಡಲೇ ಅವನಿಗೇ ಎದೆ ಉಬ್ಬಿ ಬಂತು. ಇರಲಿ ಅಹಂಕಾರ! ಅವಳಿಗಲ್ಲದೆ ಇನ್ಯಾರಿಗೆ ಇರಬೇಕು? ಅಪ್ಪ ದರ್ಜಿ. ಅಪ್ಪನ ಹೊಲಿಗೆ ಮೆಷಿನ್ನಿನ ಸದ್ದಿನ ಪಕ್ಕದಲ್ಲಿ ಕೂತು, ಕತ್ತರಿಸಿ ಉಳಿದ ಕಪ್ಪು ಬಟ್ಟೆಚೂರುಗಳ ಮೇಲೆ ಅಪ್ಪ ಗುರುತು ಹಾಕುವ ಸೀಮೆಸುಣ್ಣದಿಂದ ಹೀಬ್ರೂ ಅಕ್ಷರ ಬರೆದು ಕಲಿತವಳು ಅವಳು. ಬಲದಿಂದ ಎಡಕ್ಕೆ ಓಡುವ ಆ ಬರಹ ನೋಡಿ ಅಪ್ಪ, "ಇದೇನಮ್ಮ, ಬಟ್ಟೆಯ ಒಳಮೈ ಮೇಲೆ ಬರೆದ ಹಾಗಿದೆ," ಎಂದಿದ್ದ. ಅದೇ ಹುಡುಗಿಯನ್ನು ಈಗ ಈ ದೈವಶಾಸ್ತ್ರ ಕಾಲೇಜೆಲ್ಲ ಪಂಡಿತಮ್ಮ ಎಂದು ಕರೆಯುತ್ತದೆ.

ಅವಳು ಪಾಠ ಮಾಡುವುದನ್ನು ಮೀಸೆ ಒಮ್ಮೆ ತರಗತಿಯ ಬಾಗಿಲ ಹೊರಗೆ ನಿಂತು ಕೇಳಿದ್ದ. ಅವತ್ತು ಹದಿಮೂರನೆಯ ಕೀರ್ತನೆ. ದೇವರು ತನ್ನನ್ನು ಮರೆತೇಬಿಟ್ಟ ಎಂದು ಒಬ್ಬ ಮನುಷ್ಯ ಗೋಳಾಡುತ್ತಾನೆ. ಗೋಳು ಮುಗಿಯುವ ಮೊದಲೇ ಇದ್ದಕ್ಕಿದ್ದಂತೆ ಹಾಡಲು ಶುರುಮಾಡುತ್ತಾನೆ. ಹಳೆಯ ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಎಷ್ಟೋ ಮಂದಿ ಇಂಥ ಗೋಳನ್ನು ನೇರವಾಗಿ ಕ್ರಿಸ್ತನ ಬಾಯಿಗಿಟ್ಟು ಮುಂದಿನ ಪುಟಕ್ಕೆ ಹೋಗಿಬಿಟ್ಟಿದ್ದರು.

ಅಕ್ಕ ಮುಂದೆ ಹೋಗಲಿಲ್ಲ. ಗೋಳಿನ ಕೊನೆಯ ಸಾಲು ಓದಿದ್ದೇ ನಿಲ್ಲಿಸಿಬಿಟ್ಟಳು. ಸುಮ್ಮನೆ ನಿಂತಳು. ಯಾರೋ ಕೆಮ್ಮಿದರು. ಯಾರದೋ ಕುರ್ಚಿ ಕಿರುಗುಟ್ಟಿತು.

"ಕೇಳಿಸ್ತಾ?" ಎಂದಳು ಆಮೇಲೆ. "ಇಲ್ಲಿ ಯಾರೋ ಅವನಿಗೆ ಏನೋ ಹೇಳಿದ್ದಾರೆ. ಏನು ಅಂತ ಬರೆದಿಲ್ಲ. ಇಲ್ಲದಿದ್ದರೆ ಅಳ್ತಾ ಇದ್ದವನು ಹಾಡೋದು ಹೇಗೆ? ಮೊದಲು ಆ ಇಸ್ರಾಯೇಲಿನ ಮನುಷ್ಯನ ಅಳು ಪೂರ್ತಿ ಕೇಳಿ. ಆಮೇಲೆ ಈ ಮೌನ ಕೇಳಿ. ಕ್ರಿಸ್ತನೂ ಇಂಥ ಮಾತು ಆಡಿದ್ದು ಆ ಮನುಷ್ಯನ ಪಕ್ಕದಲ್ಲಿ ನಿಂತು, ಅವನನ್ನ ಪಕ್ಕಕ್ಕೆ ತಳ್ಳಿ ಅಲ್ಲ."

ಅವಳ ವ್ಯಾಖ್ಯಾನದ ಜೀವವೇ ಆ ಮೌನ. ಈ ಹಾಳೆಗಳಲ್ಲಿ ಅದೆಲ್ಲ ಇತ್ತು. ಅಳು, ಮೌನ, ಹಾಡು, ಒಂದೂ ಬಿಡದ ಹಾಗೆ. ಟೈಪು ಮಾಡಿದ ಅಕ್ಷರಗಳೂ ಫಾದರ್ ಅವರ ಹಳೆಯ ಯಂತ್ರದವೇ.

"ಕೀಲಿಯಮ್ಮ, ಫಾದರ್ ಅವರ ಸ್ವಂತದ ಪ್ರಾರ್ಥನೆ ಪುಸ್ತಕ ಇದೆಯಾ?"

"ಇದೆ. ಯಾಕೆ, ಪ್ರಾರ್ಥನೆ ಮಾಡ್ತೀರಾ?"

"ಅಷ್ಟು ಕಷ್ಟ ಇನ್ನೂ ಬಂದಿಲ್ಲ. ಸಾಕ್ಷಿ ಕೊಟ್ಟ ಹೇಳಿಕೇನ ಜಾಗಕ್ಕೆ ಕರ್ಕೊಂಡು ಹೋಗಿ ತಾಳೆ ನೋಡೋದು ನಮ್ಮ ಪದ್ಧತಿ."

ಕೀಲಿಗಳು ಸದ್ದು ಮಾಡಿದವು. ಬೀರು ತೆರೆಯಿತು. ಅಂಚೆಲ್ಲ ಸವೆದ, ಬೆನ್ನಿಗೆ ಬಟ್ಟೆ ಅಂಟಿಸಿದ ಪುಸ್ತಕ ಮೇಜಿಗೆ ಬಂತು.

"ಕಣ್ಣು ಮಂಜಾದ ಮೇಲೆ ಇದನ್ನ ಅವರಿಗೆ ಓದಿ ಹೇಳ್ತಿದ್ದವಳು ನಿಮ್ಮ ಗುಬ್ಬಿನೇ," ಎಂದರು ಕೀಲಿಯಮ್ಮ. "ಅವರ ಕಾಗದಗಳನ್ನೂ ಅವಳೇ ಟೈಪು ಮಾಡಿಕೊಡ್ತಿದ್ದಳು. ಬೇಸರ ಅನ್ನೋದೇ ಇರಲಿಲ್ಲ ಆ ಹುಡುಗಿಗೆ."

ಗುಬ್ಬಿ ಎಂದರೆ ಅಕ್ಕನ ಒಬ್ಬಳೇ ಮಗಳು. ಮೂವತ್ತು ದಾಟಿದೆ, ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ, ಆದರೂ ಗುಬ್ಬಿಯೇ. ದೇವಾಲಯದ ಮಾಡಿನಲ್ಲಿ ಗುಬ್ಬಿಗೂ ಒಂದು ಗೂಡು ಸಿಕ್ಕಿತಲ್ಲ ಎಂದು ಹೊಟ್ಟೆ ಉರಿದುಕೊಂಡು ಹಾಡುವ ಕೀರ್ತನೆಯೊಂದಿದೆ. ಅದರಿಂದ ಅಕ್ಕ ಇಟ್ಟ ಹೆಸರು.

"ನಮ್ಮ ಮನೆ ಮಕ್ಕಳೇ ಹಾಗೆ," ಎಂದ ಮೀಸೆ, ಇಲ್ಲದ ಮೀಸೆಯನ್ನು ತಿರುವುತ್ತ.

ಕೈಗೆ ಸಿಕ್ಕ ಸಿಕ್ಕ ಹಾಳೆ ತೆಗೆದುಕೊಂಡು ತಾಳೆ ನೋಡತೊಡಗಿದ. ಹಾಳೆಯಲ್ಲಿ ಕುರುಬನ ಕೀರ್ತನೆ ಇಪ್ಪತ್ತೆರಡು, ಫಾದರ್ ಪುಸ್ತಕದಲ್ಲೂ ಇಪ್ಪತ್ತೆರಡು. ಗೋಳಿನ ಕೀರ್ತನೆ ಹನ್ನೆರಡು, ಅಲ್ಲೂ ಹನ್ನೆರಡು. ಗುಬ್ಬಿಯ ಕೀರ್ತನೆ ಎಂಬತ್ತಮೂರು, ಅಲ್ಲೂ ಹಾಗೆಯೇ. ಮನಸ್ಸು ಕುಗ್ಗುತ್ತ ಬಂತು. ಎಲ್ಲವೂ ಫಾದರ್ ಲೆಕ್ಕವೇ.

ಕೊನೆಯ ಹಾಳೆಗೆ ಬಂದ. ತಾಳ, ತಂತಿ, ಕೊಳಲುಗಳೆಲ್ಲ ಸೇರಿ ಮೊಳಗುವ ಕೊನೆಯ ಕೀರ್ತನೆ. ಹಾಳೆಯಲ್ಲಿ ನೂರ ನಲವತ್ತೊಂಬತ್ತು ಎಂದಿತ್ತು.

ಫಾದರ್ ಪುಸ್ತಕ ತಿರುವಿದ. ನೂರೈವತ್ತು.

ಕಣ್ಣುಜ್ಜಿಕೊಂಡ. ಮತ್ತೆ ನೋಡಿದ.

"ಕೀಲಿಯಮ್ಮ, ಕೊನೆಯದು ಫಾದರ್ ಲೆಕ್ಕದಲ್ಲಿ ಎಷ್ಟು?"

"ನೂರೈವತ್ತು."

"ಅಕ್ಕನ ಲೆಕ್ಕದಲ್ಲಿ?"

"ಅದೂ ನೂರೈವತ್ತೇ."

"ಒಂದು ಕಡಿಮೆ ಅಂದ್ರಲ್ಲ?"

ಕೀಲಿಯಮ್ಮ ಕುರ್ಚಿ ಎಳೆದುಕೊಂಡು ಕೂತರು. ಪಾಠ ಹೇಳುವ ಅವಕಾಶ ಅವರಿಗೆ ಅಪರೂಪಕ್ಕೆ ಸಿಗುತ್ತಿತ್ತು. "ನೋಡಿ, ಮೊದಲ ಎಂಟು ಇಬ್ಬರಿಗೂ ಒಂದೇ. ಅದಾದ ಮೇಲೆ ಹೀಬ್ರೂನಲ್ಲಿ ಎರಡಾಗಿರೋ ಕೀರ್ತನೇನ ಗ್ರೀಕ್‌ನವರು ಒಂದೇ ಮಾಡಿಬಿಟ್ಟಿದ್ದಾರೆ. ಅಲ್ಲಿಂದ ಅವರು ಒಂದು ಹಿಂದೆ ಬಿದ್ದರು. ಕೊನೆ ಹತ್ತಿರ ಬಂದಾಗ ಹೀಬ್ರೂನಲ್ಲಿ ಒಂದಾಗಿರೋದನ್ನ ಅವರು ಎರಡು ಮಾಡ್ತಾರೆ. ಲೆಕ್ಕ ಸರಿಹೋಯ್ತು. ಬೇರೆ ಬೇರೆ ದಾರಿ, ಆದರೆ ಇಬ್ಬರೂ ಒಟ್ಟಿಗೇ ಊರು ಸೇರ್ತಾರೆ."

"ಹಾಗಾದರೆ ಫಾದರ್ ಯಾವತ್ತೂ ಕೊನೆಯದನ್ನ ನೂರ ನಲವತ್ತೊಂಬತ್ತು ಅಂತ..."

"ಛೇ! ಜ್ವರ ಬಂದಾಗಲೂ ಅಂದವರಲ್ಲ."

ಮೀಸೆ ಮೊದಲ ಹಾಳೆಗೆ ಹಾರಿದ. ಮೊದಲ ಎಂಟರೊಳಗಿನದು ಒಂದಿತ್ತು: ಚಂದ್ರ ನಕ್ಷತ್ರಗಳನ್ನು ನೋಡಿ, ಇವುಗಳ ಮುಂದೆ ಮನುಷ್ಯ ಎಷ್ಟರವನು ಎಂದು ಬೆರಗಾಗುವ ಕೀರ್ತನೆ. ಇಬ್ಬರ ಲೆಕ್ಕದಲ್ಲೂ ಅದು ಎಂಟನೆಯದು.

ಹಾಳೆಯಲ್ಲಿ ಏಳು ಎಂದಿತ್ತು.

ಒಂದಾದರೆ ಬೆರಳು ತಪ್ಪಿತು ಎನ್ನಬಹುದಿತ್ತು. ಎರಡು ತಪ್ಪು, ಎರಡೂ ಒಂದೇ ಬಗೆಯವು. ಫಾದರ್ ಲೆಕ್ಕದಲ್ಲಿ ಒಂದು ಕಡಿಮೆ ಎಂದು ತಿಳಿದಿದ್ದ ಯಾರೋ ಕಣ್ಣುಮುಚ್ಚಿಕೊಂಡು ಎಲ್ಲದರಿಂದಲೂ ಒಂದು ಕಳೆದುಬಿಟ್ಟಿದ್ದರು.

"ಕೀಲಿಯಮ್ಮ, ಈ ಎರಡು ಹಾಳೆ ನನಗೆ ಬೇಕು."

"ಸಂಜೆ ನಾಲ್ಕಕ್ಕೆ ವಾಪಸ್ ಬರಬೇಕು."

"ನಾಲ್ಕಕ್ಕೆ ಸಮಿತಿ ಮೇಜಿನ ಮೇಲೇ ಇರ್ತವೆ. ನೀವೂ ಬನ್ನಿ, ನೋಡೋ ಹಾಗಿರುತ್ತೆ."

*

ಕಾಲೇಜಿನ ಡೀನ್ ಅವರ ಕೋಣೆಯಲ್ಲಿ ಪುಸ್ತಕಗಳು ಎತ್ತರಕ್ಕೆ ತಕ್ಕ ಹಾಗೆ ನಿಂತಿದ್ದವು. ಪೆನ್ಸಿಲುಗಳೂ ಹಾಗೆಯೇ. ಪೆಟ್ಟಿಗೆ ತೆರೆಸಿದವರು ಅವರೇ, ಸಮಿತಿ ಕರೆದವರೂ ಅವರೇ. ಅಕ್ಕನ ಹೆಸರು ಹೋದರೆ ಮುಖಪುಟದಲ್ಲಿ ಸಂಪಾದಕರೆಂದು ಆ ಜಾಗಕ್ಕೆ ಬರುವ ಹೆಸರೂ ಅವರದೇ.

"ಬನ್ನಿ ಇನ್ಸ್‌ಪೆಕ್ಟರೇ, ಕೂತ್ಕೊಳ್ಳಿ. ಕ್ಷಮಿಸಿ, ನಿವೃತ್ತ ಇನ್ಸ್‌ಪೆಕ್ಟರೇ."

"ನಿಂತೇ ಮಾತಾಡ್ತೀನಿ ಸಾರ್. ನಿವೃತ್ತಿಯಾದ ಮೇಲೂ ಬಿಡದ ಅಭ್ಯಾಸ."

"ನಿಮ್ಮಕ್ಕನ ವಿಷಯ ನನಗೂ ನೋವೇ."

"ಅದು ಮುಖ ನೋಡಿದರೇ ಗೊತ್ತಾಗುತ್ತೆ," ಎಂದ ಮೀಸೆ. "ಈ ಹಾಳೆಗಳನ್ನ ನೀವು ಓದಿದ್ದೀರಾ?"

"ಓದದೇ ಸಮಿತಿ ಕರೀತೀನಾ?"

"ಪೂರ್ತಿ?"

ಡೀನ್ ಒಂದು ಪೆನ್ಸಿಲನ್ನು ಎತ್ತಿ ಅದೇ ಜಾಗದಲ್ಲಿ ಇಟ್ಟರು. "ಓದಿದ್ದೀನಿ."

ಮೀಸೆ ಕೊನೆಯ ಹಾಳೆಯನ್ನು ಅವರ ಮುಂದಿಟ್ಟ. "ಮೂರನೇ ಸಾಲು. ಸ್ವಲ್ಪ ಜೋರಾಗಿ ಓದ್ತೀರಾ? ನನಗೆ ಕಿವಿ ಮಂದ."

"'ಕೊನೆಯ ಕೀರ್ತನೆಯಾದ ನೂರ ನಲವತ್ತೊಂಬತ್ತರಲ್ಲಿ ಅಳುವಿನ ನೆರಳೂ ಇಲ್ಲ, ಮೌನವೂ...'" ಡೀನ್ ನಿಂತರು.

"ಮುಂದೆ ಓದಿ ಸಾರ್."

ಡೀನ್ ಮುಂದೆ ಓದಲಿಲ್ಲ. ಸಾಲಿನ ಆರಂಭಕ್ಕೆ ಹಿಂದಿರುಗಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಟೈಪು ಮಾಡೋವಾಗ ಬೆರಳು ತಪ್ಪಿದೆ."

"ಇದೂ ಬೆರಳಾ?" ಮೀಸೆ ಎರಡನೆಯ ಹಾಳೆ ಇಟ್ಟ. "ನಕ್ಷತ್ರದ ಕೀರ್ತನೆ. ಏಳಂತೆ."

ಡೀನ್ ಮುಖದ ಬಣ್ಣ ಇಳಿಯುವುದನ್ನು ಮೀಸೆ ಆರಾಮಾಗಿ ನೋಡಿದ. ಇಂಥ ಮುಖಗಳನ್ನು ಅವನು ಬಹಳ ನೋಡಿದ್ದ. ಆದರೆ ಸಿಕ್ಕಿಬಿದ್ದವನ ಮುಖ ಮೊದಲು ಬಾಗಿಲ ಕಡೆ ತಿರುಗುತ್ತದೆ. ಈ ಮುಖ ಹಾಳೆಯಿಂದ ಕದಲಲೇ ಇಲ್ಲ.

"ಇದನ್ನ ಫಾದರ್ ಬರೆದಿರೋಕೆ ಸಾಧ್ಯವೇ ಇಲ್ಲ," ಎಂದರು ಡೀನ್, ತಮ್ಮಷ್ಟಕ್ಕೆ. "ನನಗೂ ಪಾಠ ಹೇಳಿದವರು ಅವರೇ."

"ಹಾಗಾದರೆ ಬರೆದದ್ದು ನೀವಾ?"

ಡೀನ್ ಎದ್ದು ನಿಂತರು. ಅವರು ಇಷ್ಟು ಎತ್ತರದವರೆಂದು ಮೀಸೆಗೆ ಆವರೆಗೆ ಗೊತ್ತಿರಲಿಲ್ಲ.

"ಏನಂದ್ರಿ? ಕೀರ್ತನೆಗಳ ಮೇಲೆ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು! ತಪ್ಪು ಮಾಡಲೇಬೇಕು ಅಂತ ಕೂತರೂ ನನ್ನ ಕೈಗೆ ಈ ತಪ್ಪು ಬರಲ್ಲ. ನಿಮ್ಮಕ್ಕನ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇಡೀ ಕಾಲೇಜಿಗೆ ಗೊತ್ತು, ಕಾವಲುಗಾರನಿಗೂ ಗೊತ್ತು. ಇದ್ದರೆ ಏನಾಯ್ತು? ಆ ಮೌನದ ವಿಷಯ ನನಗೆ ಹೊಳೀಲಿಲ್ಲವಲ್ಲ ಅಂತ ಎಷ್ಟು ಸಲ ನನ್ನನ್ನೇ ಬೈಕೊಂಡಿದ್ದೀನಿ. ಆದರೆ ಅದನ್ನ ಸತ್ತ ಗುರುವಿನ ಹೆಸರಿನಲ್ಲಿ ಕದಿಯೋ ಗತಿ ನನಗೆ ಬಂದಿಲ್ಲ."

"ಮತ್ತೆ ಪೂರ್ತಿ ಓದಿದೆ ಅಂದ್ರಲ್ಲ?"

ಡೀನ್ ಮೆಲ್ಲಗೆ ಕೂತರು.

"ನನಗೆ ಬೇಕಾದ್ದು ಮೊದಲ ನಾಲ್ಕು ಸಾಲಿನಲ್ಲೇ ಸಿಕ್ಕಿತು. ಉಳಿದದ್ದರ ಮೇಲೆ ಕಣ್ಣಾಡಿಸಿದೆ, ಅಷ್ಟೇ." ಪೆನ್ಸಿಲನ್ನು ಮತ್ತೆ ನೇರ ಮಾಡುತ್ತ ಹೇಳಿದರು, "ಬೇಕಾದ್ದು ಸಿಕ್ಕ ಕೂಡಲೇ ಓದು ನಿಲ್ಲಿಸಬೇಡಿ ಅಂತ ಪ್ರತಿ ವರ್ಷ ಹೊಸ ತರಗತಿಗೆ ಮೊದಲ ದಿನವೇ ಹೇಳ್ತೀನಿ. ನಾನೇ ಹೇಳ್ತೀನಿ."

ಮೀಸೆಗೆ ಆ ಮನುಷ್ಯನ ಮೇಲೆ, ಬೇಡವೆಂದರೂ, ಗೌರವ ಮೂಡಿತು.

"ಈಗೇನು ಮಾಡ್ತೀರಿ?"

"ಸಮಿತಿ ಮುಂದೆ ನಾನೇ ಹೇಳ್ತೀನಿ. ಪಂಡಿತಮ್ಮನನ್ನ ನನ್ನ ಕಾರಿನಲ್ಲೇ ಕರ್ಕೊಂಡು ಬರ್ತೀನಿ, ಎಲ್ಲರೂ ನೋಡಲಿ. ಹಾಳೆ ನಿಮ್ಮ ಹತ್ರಾನೇ ಇರಲಿ. ನನ್ನ ಕೈಯಲ್ಲಿದ್ದರೆ ನಾನು ತಿದ್ದಿದೆ ಅಂತಾರೆ." ಬಾಗಿಲವರೆಗೆ ಬಂದು ತಡೆದರು. "ಇನ್ಸ್‌ಪೆಕ್ಟರೇ, ಇದನ್ನ ಮಾಡಿದವರಿಗೆ ಫಾದರ್ ಲೆಕ್ಕ ಒಂದು ಕಡಿಮೆ ಅಂತ ಗೊತ್ತು. ಎಲ್ಲೆಲ್ಲಿ ಕಡಿಮೆ ಆಗಲ್ಲ ಅಂತ ಗೊತ್ತಿಲ್ಲ. ಅಂದ್ರೆ ಶಾಸ್ತ್ರ ಕಲಿತವರಲ್ಲ. ಫಾದರ್ ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು. ಅಂಥವರು ಯಾರು?"

ಈ ಸಲ ಅವರು 'ನಿವೃತ್ತ' ಎಂಬ ಮಾತು ಸೇರಿಸಲಿಲ್ಲ. ಮೀಸೆ ಅದನ್ನು ಗಮನಿಸಿದ. ಪ್ರಶ್ನೆಯನ್ನು ಅಷ್ಟಾಗಿ ಗಮನಿಸಲಿಲ್ಲ.

*

ಮನೆಯವರೆಗೂ ಅವನು ನಡೆದೇ ಬಂದ. ಬೀದಿಯಲ್ಲಿ ಬೀಗ ರಿಪೇರಿಯವನು, ಔಷಧಿ ಅಂಗಡಿಯವನು, ಯಾರು ಕೈಯೆತ್ತಿದರೂ ನಿಂತು ಮಾತಾಡಿಸಿದ. "ಅಕ್ಕನ ಪುಸ್ತಕ ಬರ್ತಾ ಇದೆ," ಎಂದ ಎಲ್ಲರಿಗೂ, ಅವರು ಕೇಳದಿದ್ದರೂ. ಬೀಗದವನಂತೂ, "ನನಗೊಂದು ಎತ್ತಿಡಿ ಸಾರ್," ಎಂದ. ಓದು ಬರದವನ ಆ ಮಾತಿಗೆ ಮೀಸೆಯ ಎದೆ ಇನ್ನೂ ಅಗಲವಾಯಿತು.

ಮನೆಯ ಮುಂದಿನ ಕೋಣೆ ಈಗಲೂ ಅಪ್ಪನ ಹೊಲಿಗೆ ಕೋಣೆಯೇ. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಅರ್ಧಕ್ಕೆ ಅಕ್ಕನ ಪುಸ್ತಕಗಳು, ಇನ್ನರ್ಧದಲ್ಲಿ ಅವಳ ಪದವಿಯ ಕಪ್ಪು ಗೌನು. ಅಕ್ಕ ಅದಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಗುಬ್ಬಿ ಪಕ್ಕದಲ್ಲಿ ಕೂತು, ಗೌನಿನ ತೋಳಿಗೆ ಕಳಚಿದ ಗುಂಡಿ ಹೊಲಿಯುತ್ತಿದ್ದಳು.

"ಇದೇನಕ್ಕ, ಗೌನು?"

"ಹೆಸರು ಕಿತ್ತುಕೊಳ್ಳೋಕೆ ಕರೆದಿದ್ದಾರಲ್ಲ. ಸರಿಯಾಗೇ ಹೋಗಬೇಕು."

"ಹಾಗಾದರೆ ಇನ್ನೂ ಚೆನ್ನಾಗಿ ತೀಡು. ಇವತ್ತು ಹೆಸರು ಹೋಗಲ್ಲ, ದೊಡ್ಡದಾಗುತ್ತೆ." ಮೀಸೆ ಕೋಟಿನ ಒಳಜೇಬು ತಟ್ಟಿದ. "ಹಾಳೆಗಳೆಲ್ಲ ಸುಳ್ಳು. ನಿನ್ನ ವೈರಿ ಡೀನೇ ಒಪ್ಪಿಕೊಂಡಾಯ್ತು. ಕಾರು ತಗೊಂಡು ಬರ್ತಿದ್ದಾನೆ ನಿನ್ನನ್ನ ಕರ್ಕೊಂಡು ಹೋಗೋಕೆ!"

ಇಸ್ತ್ರಿ ಪೆಟ್ಟಿಗೆ ನಿಂತಿತು. ಅಕ್ಕ ತಲೆ ಎತ್ತಲಿಲ್ಲ.

"ಹೌದಾ ಮಾಮ?" ಗುಬ್ಬಿ ಸೂಜಿ ಹಿಡಿದೇ ಎದ್ದಳು. "ಹೇಗೆ ಹಿಡಿದೆ? ಹೇಳು, ಹೇಳು!"

"ಕೀರ್ತನೆಗಳ ಸಂಖ್ಯೆಯಲ್ಲಿ ಸಿಕ್ಕಿಬಿದ್ದಿದ್ದಾನೆ ಕಳ್ಳ. ಫಾದರ್ ಲೆಕ್ಕ ಬೇರೆ, ನಿಮ್ಮಮ್ಮನ ಲೆಕ್ಕ ಬೇರೆ. ಅದೆಲ್ಲ ನಿನಗೆಲ್ಲಿ ಗೊತ್ತಾಗಬೇಕು, ನೀನು ಸರಿಗಮದವಳು."

"ನನಗೆ ಗೊತ್ತಿಲ್ವಾ?" ಗುಬ್ಬಿ ನಕ್ಕಳು. "ಚಿಕ್ಕವಳಿದ್ದಾಗ ಫಾದರ್ ನನ್ನನ್ನ ಮೊಣಕಾಲ ಮೇಲೆ ಕೂರಿಸ್ಕೊಂಡು ಆಡಿಸ್ತಿದ್ದ ಆಟಾನೇ ಅದು. 'ನಿನ್ನ ಗೂಡು ಅಮ್ಮನ ಮನೇಲಿ ಎಂಬತ್ತನಾಲ್ಕು. ನನ್ನ ಮನೆಗೆ ಬರಬೇಕಾದ್ರೆ? ಒಂದು ಕಳಿ, ಗುಬ್ಬಿ!' ನಾನು 'ಎಂಬತ್ತಮೂರು' ಅಂತ ಕೂಗೋದು. ಅವರು ಬೆನ್ನು ತಟ್ಟೋದು. ಇನ್ನೊಂದು ಕೇಳೋರು. ಮತ್ತೆ 'ಒಂದು ಕಳಿ, ಗುಬ್ಬಿ!'"

"ಯಾವುದು ಕೇಳಿದರೂ?"

"ಯಾವುದು ಕೇಳಿದರೂ ಒಂದು ಕಳಿಯೋದೇ ಮಾಮ, ಅದೇ ಆಟ." ಗುಬ್ಬಿ ದಾರವನ್ನು ಹಲ್ಲಿನಿಂದ ಕಡಿದಳು. "ಆಯ್ತಮ್ಮ ಗುಂಡಿ. ನಿನ್ನ ಬೂಟು ಒರೆಸಿ ತರ್ತೀನಿ ಇರು." ಒಳಕೋಣೆಗೆ ಹೋದಳು. ಏನೋ ರಾಗ ಗುನುಗುತ್ತಿದ್ದಳು.

ಮೀಸೆ ಮೇಜಿನ ಅಂಚು ಹಿಡಿದುಕೊಂಡ.

ಫಾದರ್ ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು. ಫಾದರ್ ಯಂತ್ರದಲ್ಲಿ ಟೈಪು ಮಾಡುತ್ತಿದ್ದವರು. ಅಕ್ಕನ ವ್ಯಾಖ್ಯಾನವನ್ನು ಅಚ್ಚಿಗೆ ಮೊದಲೇ, ಈ ಮೇಜಿನ ಮೇಲೆಯೇ, ಸಾಲುಸಾಲಾಗಿ ಓದಬಲ್ಲವರು. ಬೆಳಿಗ್ಗೆಯಿಂದ ಅದೆಲ್ಲ ಅವನ ಕಿವಿಗೆ ಬಿದ್ದಿತ್ತು. ಬೇರೆ ಮನೆಯ ಹುಡುಗಿಯಾಗಿದ್ದರೆ ಆಗಲೇ ಅನುಮಾನಿಸುತ್ತಿದ್ದ. ತನ್ನ ಮನೆಯ ಹುಡುಗಿ ಎಂದು ಇಲ್ಲದ ಮೀಸೆ ತಿರುವುತ್ತ ಕೂತಿದ್ದ.

ಇನ್ನೊಂದು ಮಾತು ಅದರ ಹಿಂದೆಯೇ ಬಂತು. ಕೀಲಿಯಮ್ಮ ಕ್ಷಣದಲ್ಲಿ ಕಂಡ ತಪ್ಪು. ಡೀನ್ ಒಂದು ಸಾಲು ಓದಿ ಕಂಡ ತಪ್ಪು. ಅದೇ ಕುರ್ಚಿಯಲ್ಲಿ ಕೂತು ಎಲ್ಲ ಹಾಳೆ ಓದಿದ ಪಂಡಿತಮ್ಮನಿಗೆ ಕಾಣದೆ ಇರುತ್ತದೆಯೇ?

'ನಾನು ಹೇಳೋದೇನೂ ಇಲ್ಲ.' ಆ ಮೌನವನ್ನು ಅವನು ಅಹಂಕಾರವೆಂದು ಓದಿದ್ದ.

"ಅಕ್ಕ."

ಅವಳು ಗೌನಿನ ಕಾಲರು ಮಡಿಸುತ್ತಿದ್ದಳು.

"ನೀನು ಮೊದಲೇ ನೋಡಿದ್ದೆ."

"ಮೊದಲ ಹಾಳೆಯಲ್ಲೇ," ಎಂದಳು ಅಕ್ಕ, ತಗ್ಗಿದ ಧ್ವನಿಯಲ್ಲಿ. "ನೋಡಿದ ಕೂಡಲೇ ಫಾದರ್ ಧ್ವನಿ ಕಿವಿಯಲ್ಲಿ ಕೇಳಿಸ್ತು. ಒಂದು ಕಳಿ, ಗುಬ್ಬಿ."

"ಅವಳನ್ನ ಕೇಳಿದೆಯಾ? ಯಾಕೆ ಮಾಡಿದೆ ಅಂತ?"

"ಇಲ್ಲ."

"ಕೇಳಬೇಕಿತ್ತು!"

"ಕೇಳಿದರೆ ಹೇಳಿಬಿಡ್ತಾಳೆ. ನನಗೆ ಗೊತ್ತಾಗಿಬಿಡುತ್ತೆ. ಗೊತ್ತಾದ ಮೇಲೆ ಸಮಿತಿಯವರು ಕೇಳಿದರೆ ಗೊತ್ತಿಲ್ಲ ಅನ್ನೋಕೆ ನನ್ನ ನಾಲಿಗೆ ಹೊರಳಲ್ಲ." ಅಕ್ಕ ಈಗ ತಲೆ ಎತ್ತಿದಳು. ಕಣ್ಣು ಒಣಗಿದ್ದವು. "ಹಾಳೆ ಇಲ್ಲಿ ಕೊಡು."

ಮೀಸೆ ಒಂದು ಹೆಜ್ಜೆ ಹಿಂದೆ ಸರಿದ. ಇಸ್ತ್ರಿ ಪೆಟ್ಟಿಗೆಯಿಂದ ಇನ್ನೂ ಬಿಸಿ ಏಳುತ್ತಿತ್ತು.

"ಕೊಡಲ್ಲ."

"ಲೋ, ಆ ಹಾಳೆ ಮೇಜಿನ ಮೇಲೆ ಬಿದ್ದರೆ ಮುಂದಿನ ಪ್ರಶ್ನೆ ಏನು? ಆ ಯಂತ್ರದಲ್ಲಿ ಟೈಪು ಮಾಡ್ತಿದ್ದವರು ಯಾರು ಅಂತ. ಅಲ್ಲಿವರೆಗೂ ನಾನು ಬಿಡಲ್ಲ. ಎದ್ದು ನಿಂತು ಹೇಳ್ತೀನಿ, ಹೌದು, ಫಾದರ್‌ದೇ, ನಾನೇ ಕದ್ದೆ ಅಂತ."

"ಕದಿಯದೇನಾ? ನಿನಗೇನು ತಲೆ ಕೆಟ್ಟಿದೆಯಾ? ಈ ಮೇಜಿನ ಮೇಲೆ ನೀನು ಕೂತು ಬರೆದದ್ದು ನಾನು ನೋಡಿಲ್ವಾ? ಅಪ್ಪ ನೋಡಿಲ್ವಾ?"

"ನೋಡಿದ್ದೀರಿ. ಅಷ್ಟು ಸಾಕು ನನಗೆ." ಅಕ್ಕ ಗೌನನ್ನು ಎತ್ತಿ ಕೊಡವಿದಳು. "ಆ ಹೆಸರು ನಾನೇ ಕಟ್ಟಿದ್ದು ಕಣೋ. ಕೆಡವೋ ಹಕ್ಕೂ ನನ್ನದೇ. ಕೊಡು."

ಮೀಸೆಗೆ ಕೋಪ ಬಂತು, ಅಳು ಬಂತು, ಎರಡರ ನಡುವೆ ಅದೇ ಹಾಳು ಹೆಮ್ಮೆಯೂ ಬಂತು. ಇಂಥವಳ ಬೆನ್ನಿಗೆ ಹುಟ್ಟಿದೆನಲ್ಲ ಎಂಬ ಹೆಮ್ಮೆ. ಅವನ ಕೈ ಒಳಜೇಬಿನ ಮೇಲೆಯೇ ಇತ್ತು. ಅಕ್ಕನ ಕೈ ಚಾಚಿಕೊಂಡೇ ಇತ್ತು. ಇಬ್ಬರೂ ಕದಲಲಿಲ್ಲ.

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಒಳಕೋಣೆಯ ಗುನುಗು ನಿಂತಿತು. ಒರೆಸಿದ ಬೂಟುಗಳನ್ನು ಎರಡು ಕೈಯಲ್ಲಿ ಹಿಡಿದು ಗುಬ್ಬಿ ಬಾಗಿಲಿಗೆ ಬಂದಳು. ಅಮ್ಮನ ಚಾಚಿದ ಕೈ ನೋಡಿದಳು. ಮಾಮನ ಜೇಬು ನೋಡಿದಳು.

"ಕೊಡಬೇಡ ಮಾಮ," ಎಂದಳು ಸಮಾಧಾನವಾಗಿ. "ಎರಡೂ ಹಾಳೆ ತಂದಿದ್ದೀಯ ತಾನೆ? ಏಳು ಅಂತ ಇರೋದು, ನೂರ ನಲವತ್ತೊಂಬತ್ತು ಅಂತ ಇರೋದು?"

ಆ ಎರಡು ಸಂಖ್ಯೆಗಳನ್ನು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ತಿಳಿಯದೆ ತಪ್ಪಿದವಳಿಗೆ ಎಲ್ಲಿ ತಪ್ಪಿದೆ ಎಂದು ಗೊತ್ತಿರುವುದಿಲ್ಲ. ಇವಳಿಗೆ ಗೊತ್ತಿತ್ತು.

ಅಕ್ಕನ ಕೈ ನಿಧಾನವಾಗಿ ಕೆಳಗಿಳಿಯಿತು. ಮಗಳನ್ನು ಮೊದಲ ಸಲ ನೋಡುತ್ತಿರುವವಳಂತೆ ನೋಡಿದಳು.

ಗುಬ್ಬಿ ಬಗ್ಗಿ ಬೂಟುಗಳನ್ನು ಅಮ್ಮನ ಕಾಲ ಬಳಿ ಜೋಡಿಸಿಟ್ಟಳು. "ಅಮ್ಮನ ಜಾಗಕ್ಕೆ ಕಾದು ಕೂತವರು ಪೂರ್ತಿ ಓದಲ್ಲ, ಅದು ಸಮಿತಿ ಮುಂದೇನೇ ಗೊತ್ತಾಗಲಿ ಅಂತ ಇಟ್ಟೆ," ಎಂದು ಎದ್ದು ನಿಂತಾಗ ಅವಳ ಮುಖದಲ್ಲಿ ಭಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಗಲ್ಲ ಎತ್ತಿ ನಿಂತಿದ್ದಳು, ಥೇಟ್ ಅವಳಮ್ಮನ ಹಾಗೆ.

ಹಾರ್ನ್ ಮತ್ತೊಮ್ಮೆ ಕೂಗಿತು.